ಮೂರೆಸಳಿನ ಹೂವು

ರೀ,

ನಾಳೆಯ ಭಾಷಣಕ್ಕೆ ನೀವು ಹೇಳಿದ ಚಿತ್ರ ಬರೆದಾಯಿತು. "ಬೆಟ್ಟದ ಕಾಡೆಲ್ಲ ಅಲೆದು ಹುಡುಕಿದೆ ಕಣೇ" ಎಂದು ತಂದುಕೊಟ್ಟಿರಲ್ಲ, ಆ ಬಿಳಿ ಹೂವನ್ನೇ ನೋಡಿ ಬರೆದೆ. ಈ ಜಾತಿಯ ಕಾಡುಹೂವಿಗೆ ಮೂರೇ ಎಸಳು ಎಂದು ಪುಸ್ತಕ ಬರೆದವರು ನೀವು. ಇದಕ್ಕೋ ಎಸಳಿನ ಮೇಲೆ ಎಸಳು. ಕುಂಡದಲ್ಲಿ ಬೆಳೆಸುವ ತಳಿ. ನಿಮ್ಮ ಸಹಾಯಕಿಯ ಕಿಟಕಿಯಲ್ಲಿ ಇಂಥದೇ ಗಿಡ ರಸ್ತೆಗೇ ಕಾಣುತ್ತದೆ.

ಚಿತ್ರದಲ್ಲಿ ಒಂದೆಸಳೂ ಬಿಟ್ಟಿಲ್ಲ. ಸಸ್ಯ ಸಂಘದವರು ಅದನ್ನು ಗೋಡೆಯಗಲ ಅಚ್ಚು ಹಾಕಿಸಿ, ಕೆಳಗೆ ನಿಮ್ಮ ಹೆಸರು ಬರೆಸಿ, ವೇದಿಕೆಗೆ ಕಟ್ಟಿದ್ದೂ ಆಯಿತು.

ನೀವು ಮತ್ತೆ ಬೆಟ್ಟ ಹತ್ತಿದ್ದೀರಂತೆ. ಬೆಟ್ಟಕ್ಕೆ ವಿಳಾಸವಿಲ್ಲ, ಹಾಗಾಗಿ ಇಸ್ತ್ರಿ ಮಾಡಿದ ಅಂಗಿಯನ್ನೂ ಈ ಕಾಗದವನ್ನೂ ಅವಳ ಮನೆಗೇ ಕಳಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಹೊರಡಿ. ಅವಳನ್ನೂ ಕರೆತನ್ನಿ; ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಜಾಗ ಹಿಡಿದಿಟ್ಟಿರುತ್ತೇನೆ.

ಇಂತಿ,
ನಿಮ್ಮ ಮನೆಯವಳು