ಅಪ್ಪನ ಕೈಗೆ ಬಗ್ಗದ ಸ್ಟೇರಿಂಗ್

ಮಾರ್ಚ್ ೧೨, ಗುರುವಾರ

ಅಪ್ಪನ ಹಳೇ ಜೀಪಿಗೆ ದೊಡ್ಡ ಟೈರು ಹಾಕಿಸಿದ್ದು ನಾನೇ. ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ, ಅವರನ್ನು ಒಂದು ಮಾತೂ ಕೇಳದೆ. "ಪವರ್ ಸ್ಟೇರಿಂಗ್ ಇಲ್ಲಮ್ಮ, ದೊಡ್ಡ ಟೈರಿಗೆ ತಿರುಗಿಸೋಕೆ ತುಂಬಾ ಬಿಗಿ ಆಗತ್ತೆ" ಎಂದು ಮೆಕ್ಯಾನಿಕ್ ಬಡಕೊಂಡ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂವತ್ತು ವರ್ಷ ಅಪ್ಪ ಒಂದೇ ಕೈಯಲ್ಲಿ ತಿರುಗಿಸಿದ ಸ್ಟೇರಿಂಗ್. ಇವತ್ತು ಅಂಗಳದಲ್ಲಿ ಎರಡೂ ಕೈ ಹಾಕಿ ಜಗ್ಗಿದರು. ಅರ್ಧಕ್ಕೇ ನಿಂತಿತು.

"ಟೈರು ಚೆನ್ನಾಗಿದೆ ಕಣೆ" ಎಂದು ಇಳಿದು ಕೀ ನನಗೆ ಕೊಟ್ಟರು.

"ನಾಳೆನೇ ಹಳೇ ಟೈರು ಹಾಕಿಸ್ತೀನಪ್ಪ."

"ಬೇಡ ಬಿಡು. ನನ್ನ ಕೈಲಿ ಎಷ್ಟಾಗತ್ತೆ ಅಂತ ಗೊತ್ತಾಯ್ತಲ್ಲ."

ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ನಾನು ಓಡಿಸಿದೆ. ದಾರಿಯುದ್ದಕ್ಕೂ, ಪ್ರತಿ ತಿರುವಿನಲ್ಲೂ, ಬ್ರೇಕೇ ಇಲ್ಲದ ಕಡೆ ಅಪ್ಪನ ಬಲಗಾಲು ಒತ್ತುತ್ತಲೇ ಇತ್ತು.