ಜಪ್ತಿಯಾದ ಗಂಟೆಸರ

೧೨-೧-೧೯೫೮, ಮಧ್ಯಾಹ್ನ
ಇಂದೂ ಕೋರ್ಟಿನ ಎದುರು ಡ್ಯೂಟಿ. ಹೊಸ ಸಾಹೇಬರು ಹಳೇ ಕಡತದಿಂದ ಹೆಕ್ಕಿ ತೆಗೆದ ರೂಲು — ಈ ರಸ್ತೆಯಲ್ಲಿ ಎತ್ತಿಗೆ ಗಂಟೆ ಕಟ್ಟಿ ಗಾಡಿ ಹೊಡೆಯಬಾರದು, ಕಟ್ಟಿದರೆ ಜಪ್ತಿ. ನಾನು ಹುಟ್ಟುವ ಮುಂಚಿನ ಆರ್ಡರು! ವಾರದಿಂದ ಒಂದೂ ಕೇಸಿಲ್ಲವೆಂದು ನಿನ್ನೆ ಬೈಗುಳ ಬೇರೆ.

ಇವತ್ತು ಸಿಕ್ಕಿತು. ಸೊರಬದ ಕಡೆಯ ಗುತ್ಯಪ್ಪ. ಶಿಕಾರಿಪುರದ ಪೇಟೆಯಲ್ಲಿ ಬೆಲ್ಲ ಇಳಿಸಿ ಊರಿಗೆ ಹೊರಟವನು. ಎದೆ ಉಜ್ಜಿಕೊಳ್ಳುತ್ತಾ ಗಾಡಿಯಿಂದ ಇಳಿದ.

“ಯಾಕೋ ಎದೆ ಹಿಡ್ದಂಗಾಗೈತ್ರೀ ದಫೇದಾರ್ರೇ. ಮಲಗಿಬಿಟ್ರೆ ಎತ್ತು ಮನೀಗೆ ಕರ್ಕಂಡ್ ಹೋಗ್ತಾವೆ. ಗಂಟೆ ಒಂದು ಬಿಟ್ಬಿಡ್ರೀ.”

“ನಾಟಕ ಆಡಬೇಡ,” ಅಂದೆ. ಬಿಚ್ಚಿಸಿದೆ. ಹನ್ನೆರಡು ಕಂಚಿನ ಗಂಟೆ. ರಸೀದಿ ಕೊಟ್ಟೆ.

ಸಾಹೇಬರು ಭೇಷ್ ಅಂದರು. ಖುಷಿಯಾಯಿತು.

೧೫-೧
ಗುತ್ಯಪ್ಪ ಸತ್ತ.

ಹೆಂಡತಿ ದುರ್ಗಮ್ಮ ರಸೀದಿ ಹಿಡಿದು ಠಾಣೆಗೆ ಬಂದಿದ್ದಳು. ಶಾಪ ಹಾಕುತ್ತಾಳೆಂದು ಹೆದರಿದೆ. ಹಾಕಲಿಲ್ಲ.

“ಎತ್ತು ಅಂಗಳಕ್ಕೇ ತಂದು ನಿಲ್ಸಿದ್ವು ರೀ. ಗಂಟೆ ಸದ್ದಾದ್ಮೇಲೇ ನಾನು ಎದ್ದು ಅನ್ನಕ್ಕೆ ನೀರಿಡೋದು. ಅವತ್ತು ಸದ್ದೇ ಇಲ್ಲ. ಬೆಳಗ್ಗೆ ಬಾಗಿಲು ತೆಗೆದ್ರೆ ಗಾಡಿ ನಿಂತೈತೆ. ಮೈ ಇನ್ನೂ ಬೆಚ್ಚಗಿತ್ರೀ…”

ಗಂಟೆಸರ ವಾಪಸ್ ಕೊಡ್ರೀ ಅಂದಳು. ಕೇಸು ಮುಗಿಯದೆ ಕೊಡುವಂತಿಲ್ಲ ಅಂದೆ. ಅಯ್ಯೋ, ಅದನ್ನೂ ಅಂದೆ.

೧೬-೧
ಆರ್ಡರು ಪೂರ್ತಿ ಓದಿದೆ — ಈಗ. ‘ಕೋರ್ಟು ನಡೆಯುವ ವೇಳೆಯಲ್ಲಿ.’ ಅವತ್ತು ಭಾನುವಾರ. ಕೋರ್ಟಿನ ಬಾಗಿಲಿಗೆ ಬೀಗ. ನಾನು ಅದರ ಮೆಟ್ಟಿಲ ಮೇಲೇ ಕೂತಿದ್ದೆ.

೨-೨
ಇಷ್ಟು ದಿನ ಬರೆಯಲಾಗಲಿಲ್ಲ. ಠಾಣೆಯ ಬೀರುವಿನೊಳಗೆ ಗಂಟೆ ಅಲ್ಲಾಡುತ್ತದೆ. ಹಾಡಹಗಲಲ್ಲೇ. ಪಿ.ಸಿ. ಉಚ್ಚಂಗಪ್ಪ, “ಇಲಿ ಇರ್ಬೇಕು ಬಿಡ್ರೀ ಸಾರ್” ಎನ್ನುತ್ತಾನೆ. ಒಂದೊಂದು ಗಂಟೆಗೂ ಬಟ್ಟೆ ಸುತ್ತಿದೆ. ಆದರೂ… ಮನೆಯಲ್ಲಿ ಅನ್ನದ ನೀರು ಕುದಿಯುವ ಸದ್ದಾದರೆ ಎದ್ದು ಬೀದಿಗೆ ಹೋಗುತ್ತೇನೆ. ಹೆದರಿಕೆ. ಮನೆಯವಳಿಗೆ ಹೇಳಿಲ್ಲ.

೯-೨, ಸಂಜೆ
ಯಾರನ್ನೂ ಕೇಳದೆ ಗಂಟೆಸರವನ್ನು ಬೀರುವಿನಿಂದ ತೆಗೆದುಕೊಂಡು ಹೋದೆ. ಕೆಲಸ ಹೋದರೆ ಹೋಗಲಿ. ಬಸ್ಸಿಳಿದು, ಸುತ್ತಿದ ಬಟ್ಟೆಯೆಲ್ಲ ಬಿಚ್ಚಿ ಬಿಸಾಡಿ, ಸರವನ್ನು ಹೆಗಲಿಗೆ ಹಾಕಿಕೊಂಡು ಗುತ್ಯಪ್ಪನ ಊರಿಗೆ ನಡೆದೆ. ಹೆಜ್ಜೆ ಹೆಜ್ಜೆಗೂ ಸದ್ದು. ಅಂಗಳ ತಲುಪುವ ಮೊದಲೇ ಒಳಗಿನಿಂದ ದುರ್ಗಮ್ಮನ ದನಿ —

“ಬಂದ್ರಾ? ತಡೀರಿ, ನೀರಿಟ್ಟೆ.”

ಪಾತ್ರೆಯ ಸದ್ದು. ಒಲೆ ಊದುವ ಸದ್ದು. ಕೊಟ್ಟಿಗೆಯಲ್ಲಿ ಎತ್ತುಗಳು ಎದ್ದು ನಿಂತವು. ನಾನು ಅಲ್ಲಾಡಲಿಲ್ಲ. ಅಲ್ಲಾಡಿದರೆ ಮತ್ತೆ ಗಂಟೆ…

ಕೈ ಒರೆಸಿಕೊಳ್ಳುತ್ತಾ, ನಗುತ್ತಾ ಬಾಗಿಲಿಗೆ ಬಂದಳು. ನನ್ನನ್ನು ನೋಡಿ —