ಮೀಸೆಯವನ ಕೊನೆಯ ತಿರುವು

ಅಪ್ಪನ ಗೆಳೆಯರಾದ ಮಾವನಿಗೆ ನಮಸ್ಕಾರ.

ಕೊನೆಯ ತಿರುವಿನಲ್ಲಿ ಮೀಸೆ ಡ್ರೈವರ್ ಹೆದರಿ ಬ್ರೇಕ್ ಒತ್ತಿದ ಎಂದು ನೀವು, ಎಂಜಿನ್ ಕೆಟ್ಟಿತು ಎಂದು ಅಪ್ಪ. ನಲವತ್ತು ವರ್ಷದ ಹಿಂದಿನ ಕಾರ್ ರೇಸಿಗಾಗಿ ನೀವಿಬ್ಬರೂ ಮಾತು ಬಿಟ್ಟು ಮೂರು ತಿಂಗಳಾಯಿತು. ಈಗ ಆ ವಾದ ಕೇಳುವ ಕರ್ಮ ನನ್ನದು. ಅಡುಗೆಮನೆಯಲ್ಲಿ ಅಪ್ಪನಿಗೆ ಬಾಣಲೆಯೇ ತಿರುವು, ಉಪ್ಪಿನ ಡಬ್ಬಿಯೇ ಮೀಸೆಯವನ ಕೆಂಪು ಕಾರು. ಉಪ್ಪು ಕೇಳಿದರೆ, "ಇರಮ್ಮ, ಇನ್ನೊಂದು ಲ್ಯಾಪ್ ಇದೆ" ಅನ್ನುತ್ತಾರೆ. ತಲೆ ಚಿಟ್ಟು ಹಿಡಿದಿದೆ.

ಹಳೆಯ ರೇಸ್ ಪತ್ರಿಕೆಗಳ ಮೂಲೆ ಮಡಿಸಿದರೂ ರೇಗುವವರು, ಒಂದು ಹಾಳೆಯನ್ನೇ ಹರಿದು ದಿಂಬಿನ ಕೆಳಗೆ ಬಚ್ಚಿಟ್ಟಿದ್ದಾರೆ. ಹೆದರಿ ಬ್ರೇಕ್ ಒತ್ತಿದೆ ಎಂದು ಮೀಸೆಯವನೇ ಅದರಲ್ಲಿ ಒಪ್ಪಿಕೊಂಡಿದ್ದಾನೆ.

ನಿಮ್ಮ ಕುರ್ಚಿಯಲ್ಲಿ ಅಪ್ಪ ಇನ್ನೂ ಯಾರನ್ನೂ ಕೂರಿಸಿಲ್ಲ. ಭಾನುವಾರ ಬನ್ನಿ. ಹಾಳೆಯ ಸುದ್ದಿ ಎತ್ತಬೇಡಿ. ಹೇಗೂ ಗೆದ್ದಿದ್ದೀರಿ, ಒಂದಿಷ್ಟು ವಾದ ಮಾಡಿ ಸೋತುಬಿಡಿ.

ಉಪ್ಪಿಗಾಗಿ ಕಾಯುತ್ತಿರುವ,
ನಿಮ್ಮ ಗೆಳೆಯನ ಮಗಳು